ಜಾಹೀರಿನ ಗದ್ಯ: ಹಳೆಯ ಮಂಗಳೂರಿನ ಪ್ರಕಟಣೆಗಳನ್ನು ಓದುವ ಬಗೆ

ಆಧುನಿಕ ಕನ್ನಡ ಗದ್ಯದ ಕಥೆಯನ್ನು ಹೇಳುವ ನಮ್ಮ ಸಾಹಿತ್ಯಚರಿತ್ರೆಗಳು ಸಾಮಾನ್ಯವಾಗಿ 1823ರ ಕೆಂಪುನಾರಾಯಣನ ‘ಮುದ್ರಾಮಂಜೂಷ’ದಿಂದ ಹೊರಟು 1899ರ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯ ಬಳಿ ಬಂದು ನಿಲ್ಲುತ್ತವೆ. ನಡುವಣ 76 ವರ್ಷಗಳಲ್ಲಿ ಪಠ್ಯಪುಸ್ತಕಗಳನ್ನೂ ಅನುವಾದಗಳನ್ನೂ ಮಾತ್ರ ಅವು ಕಾಣುತ್ತವೆ. ಆದರೆ ಆ ಕಾಲದ ಸಾಮಾನ್ಯ ಜನರು ದಿನನಿತ್ಯ ಎದುರಿಸಿದ ಗದ್ಯ ಬೇರೆಯೇ ಇತ್ತು. ಅದು ನಿರೂಪ, ತಾಕೀದು, ಜಾಹೀರು, ಹರಾಜಿನ ಪ್ರಕಟಣೆಗಳ ಗದ್ಯ. ಅದಕ್ಕೆ ವಿಮರ್ಶಕರು ದೊರೆತದ್ದು ವಿರಳ. ಕಂಪೆನಿ ಸರಕಾರದ ಕಾಲದ ಮಂಗಳೂರನ್ನು ಮುಂದಿಟ್ಟುಕೊಂಡು ಆ ಗದ್ಯವನ್ನು ಓದುವ ಒಂದು ಬಗೆಯನ್ನು ಸೂಚಿಸುವುದು ಈ ಲೇಖನದ ಉದ್ದೇಶ. ಇಂದಿನ ಕಾಸರಗೋಡು ಸೀಮೆಯೂ ಅಂದು ಅದೇ ಕೆನರಾ ಜಿಲ್ಲೆಯಲ್ಲಿದ್ದುದರಿಂದ ಇದು ನಮ್ಮ ಮನೆಯ ಮಾತೂ ಹೌದು.

ಮಂಗಳೂರಿನ ಬಂದರಿನಿಂದ ಅಕ್ಕಿ ಮಲೆಯಾಳಕ್ಕೂ ಅರಬರ ನಾಡಿಗೂ ಹೋಗುತ್ತಿತ್ತು. ಪೇಟೆಯ ಮಾತು ತುಳು, ಕೊಂಕಣಿ, ಬ್ಯಾರಿ; ಕಚೇರಿಯ ಬರಹ ಕನ್ನಡ. ಹೆಚ್ಚಿನವರಿಗೆ ಅದು ಮನೆಯ ಮಾತಲ್ಲ, ಆದರೆ ಎಲ್ಲರ ಲೆಕ್ಕಪತ್ರದ ಮಾತು. ಆದುದರಿಂದಲೇ ಅಲ್ಲಿನ ವ್ಯವಹಾರದ ಕನ್ನಡ ಯಾರ ಪದಕ್ಕೂ ಬಾಗಿಲು ಮುಚ್ಚಲಿಲ್ಲ. ‘ಬಂದರು’ ಪಾರಸಿಯಿಂದ, ‘ಜಾಹೀರು’ ಅರಬ್ಬೀ ಮೂಲದಿಂದ, ನಮ್ಮ ಕರಾವಳಿಯ ‘ಏಲಂ’ ಪೋರ್ಚುಗೀಸರಿಂದ ಬಂದವು. ಪಂಡಿತರು ಮೂಗು ಮುರಿಯಬಹುದಾದ ಈ ಬೆರಕೆಯೇ ಪ್ರಕಟಣೆಯ ಗದ್ಯದ ಶಕ್ತಿ.

ಪ್ರಕಟಣೆ ಎಂಬುದು ಸರಕಾರದ ಸ್ವತ್ತಷ್ಟೇ ಆಗಿರಲಿಲ್ಲ. 1830–31ರಲ್ಲಿ ಕಂದಾಯದ ಭಾರಕ್ಕೆ ಎದುರಾಗಿ ಕೆನರಾದ ರೈತರು ಕೂಟ ಸೇರಿದರು. ಕೂಟಗಳಿಂದ ಅರ್ಜಿಗಳು ಹೊರಟವು. 1837ರಲ್ಲಿ ಅಮರಸುಳ್ಯದ ಕಡೆಯಿಂದ ಬಂದ ಬಂಡಾಯಗಾರರು ಮಂಗಳೂರನ್ನು ಕೆಲವು ದಿನ ಹಿಡಿದಿಟ್ಟಾಗ ಅವರೂ ನಿರೂಪಗಳನ್ನು ಹೊರಡಿಸಿದರು. ಕಂಪೆನಿಯು ತನ್ನದಾಗಿಸಿಕೊಂಡಿದ್ದ ಉಪ್ಪು, ಹೊಗೆಸೊಪ್ಪುಗಳ ವ್ಯಾಪಾರವನ್ನು ಬಿಡುಗಡೆಗೊಳಿಸುವ ಮಾತು ಆ ಪ್ರಚಾರದಲ್ಲಿ ಮುಖ್ಯವಾಗಿತ್ತು. ಆಳುವವನ ಪ್ರಕಾರವನ್ನೇ ಆಳಿಸಿಕೊಳ್ಳುವವನು ಎತ್ತಿಕೊಂಡದ್ದು ಇಲ್ಲಿ ಗಮನಾರ್ಹ. ನಿರೂಪ ಹೊರಡಿಸಬಲ್ಲವನೇ ಅರಸ ಎಂಬುದನ್ನು ಅವರು ಚೆನ್ನಾಗಿ ಅರಿತಿದ್ದರು.

ಆರು ವರ್ಷಗಳ ಬಳಿಕ, 1843ರ ಜುಲೈ 1ರಂದು, ಬಾಸೆಲ್ ಮಿಶನಿನ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಊರ ವರ್ತಮಾನ, ಸರಕಾರದ ನಿರೂಪ, ಪರದೇಶದ ಸುದ್ದಿ, ಬುದ್ಧಿವಾದ, ಕಥೆ ಎಲ್ಲವೂ ಒಂದೇ ಹಾಳೆಯಲ್ಲಿ ಕುಳಿತವು. ಅದು ಕಲ್ಲಚ್ಚಿನ ಪತ್ರಿಕೆ. ಕಲ್ಲಚ್ಚಿನಲ್ಲಿ ಕೈಬರಹವೇ ಮುದ್ರಣವಾಗುತ್ತದೆ. ಶ್ಯಾನುಭೋಗರ ಬರಹಕ್ಕೆ ಒಗ್ಗಿದ ಕಣ್ಣಿಗೆ ಆ ಪುಟ ಅಪರಿಚಿತವೆನಿಸಿರಲಾರದು. ಕಚೇರಿಯ ಬಾಗಿಲಲ್ಲಿದ್ದ ನಿರೂಪ ಓದುಗನ ಜಗಲಿಗೆ ಬಂದದ್ದು ಸಣ್ಣ ಮಾತಲ್ಲ. ಅಪ್ಪಣೆಯನ್ನು ಕೇಳಿ ತಲೆಬಾಗುವವನು ಅದನ್ನು ಓದಿ ಚರ್ಚಿಸುವವನಾಗುವ ದಾರಿ ಅಲ್ಲಿ ತೆರೆಯಿತು. ಆದರೆ ಆ ಗದ್ಯದ ಮಿತಿಯನ್ನೂ ಹೇಳಬೇಕು. ಅದು ಓದುಗನನ್ನು ತಿದ್ದಬೇಕಾದ ವಿದ್ಯಾರ್ಥಿಯೆಂದೇ ಭಾವಿಸುತ್ತದೆ. ಗುರುವಿನ ಪೀಠದಿಂದ ಇಳಿಯುವುದು ಅಪರೂಪ. 1844ರಲ್ಲಿ ಅಚ್ಚುಮೊಳೆಯ ಅನುಕೂಲವಿದ್ದ ಬಳ್ಳಾರಿಗೆ ಹೋಗಿ ಅದು ‘ಕನ್ನಡ ಸಮಾಚಾರ’ವಾಯಿತು. ಆದವಾನಿ, ರಾಯದುರ್ಗಗಳು ಅಂದು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಕನ್ನಡದ ಮೊದಲ ಪತ್ರಿಕೆ ನಡೆದಾಡಿದ ಎರಡೂ ಜಿಲ್ಲೆಗಳ ಭಾಗಗಳು ಇಂದು ಗಡಿಯಾಚೆ ಇವೆ ಎಂಬುದನ್ನು ಗಡಿನಾಡಿನ ನಾವು ನೆನಪಿಡಬೇಕು.

ಪ್ರಕಟಣೆಯ ಗದ್ಯ ತನ್ನ ಪೂರ್ಣ ಗಾಂಭೀರ್ಯವನ್ನು ತೋರಿದ್ದು ಹರಾಜಿನಲ್ಲಿ. ಮದ್ರಾಸಿನ 1864ರ ಕಂದಾಯ ವಸೂಲಿ ಕಾನೂನು ಬಾಕಿದಾರನ ಭೂಮಿಯನ್ನು ಮಾರುವ ಮೊದಲು ಪ್ರಕಟಣೆ ಇಂಗ್ಲಿಷಿನಲ್ಲೂ ಜಿಲ್ಲೆಯ ಭಾಷೆಯಲ್ಲೂ ಇರಬೇಕೆಂದು ವಿಧಿಸಿತು. ಬಾಕಿದಾರನ ಹೆಸರು, ಭೂಮಿಯ ಸ್ಥಳ ಮತ್ತು ವಿಸ್ತಾರ, ಕಂದಾಯ, ಮಾರಾಟದ ಹೊತ್ತು ಮತ್ತು ಜಾಗ ಅದರಲ್ಲಿ ಇರಬೇಕು. ಕನಿಷ್ಠ ಒಂದು ತಿಂಗಳು ಮೊದಲು ಅದನ್ನು ಕಲೆಕ್ಟರ ಕಚೇರಿ, ತಾಲೂಕು ಕಚೇರಿ, ಹತ್ತಿರದ ಪೊಲೀಸು ಠಾಣೆ, ಕೊನೆಗೆ ಆ ಭೂಮಿಯ ಮೇಲೆಯೇ ಅಂಟಿಸಬೇಕು. ಸಾಹಿತ್ಯದ ದೃಷ್ಟಿಯಿಂದ ಈ ಪ್ರಕಾರವನ್ನು ನೋಡಿ. ವಿಶೇಷಣಕ್ಕೆ ಇಲ್ಲಿ ಎಡೆಯಿಲ್ಲ. ಮಳೆ ಹೋದದ್ದಕ್ಕೆ, ಮಗಳ ಮದುವೆಯ ಸಾಲಕ್ಕೆ ಅಂಕಣವಿಲ್ಲ. ‘ಮಾರಲ್ಪಡುವುದು’ ಎಂಬ ಕರ್ಮಣಿ ಪ್ರಯೋಗದಲ್ಲಿ ಮಾರುವವನ ಮುಖ ಮರೆಯಾಗುತ್ತದೆ. ಇಷ್ಟು ಕಠೋರವಾದ ಗದ್ಯದಲ್ಲೂ ಒಂದು ನ್ಯಾಯವಿತ್ತು: ಕಳೆದುಕೊಳ್ಳುವವನಿಗೆ ಅರ್ಥವಾಗುವ ಲಿಪಿಯಲ್ಲಿ, ಒಂದು ತಿಂಗಳ ಅವಧಿಯೊಂದಿಗೆ ಅದು ಬರುತ್ತಿತ್ತು.

ಇದಕ್ಕೆ ಎದುರಾಗಿ ವ್ಯಾಪಾರದ ಬರಹವನ್ನು ಇಡೋಣ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಬಾಸೆಲ್ ಮಿಶನಿನ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಮುಳಿಹುಲ್ಲಿನ ಮಾಡುಗಳು ಕ್ರಮೇಣ ಕೆಂಪಾದವು. ಆ ಹಂಚಿನ ಮೈಮೇಲೆ ಒತ್ತಿದ ಕಾರ್ಖಾನೆಯ ಹೆಸರು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿತ್ತು. ಉಪದೇಶಕ್ಕೂ ವಸೂಲಿಗೂ ಕನ್ನಡ, ಸರಕಿನ ಗುರುತಿಗೆ ಇಂಗ್ಲಿಷ್. ದೂರದ ಮಾರುಕಟ್ಟೆಗೆ ಅದು ಅಗತ್ಯವಾಗಿದ್ದೀತು. ಆದರೂ ಯಾವ ಕೆಲಸಕ್ಕೆ ಯಾವ ಭಾಷೆ ಎಂಬ ಹಂಚಿಕೆ ನಮ್ಮ ತಲೆಯ ಮೇಲಿನ ಮಾಡಿನಲ್ಲೇ ಬರೆದಿತ್ತು.

ಹಾಗಾದರೆ ಪ್ರಕಟಣೆಯ ಗದ್ಯಕ್ಕೆ ವಿಮರ್ಶೆಯ ಅಳತೆಗೋಲು ಯಾವುದು? ರಸವಲ್ಲ, ಅಲಂಕಾರವೂ ಅಲ್ಲ. ಯಾರ ಬದುಕನ್ನು ಅದು ಮುಟ್ಟುತ್ತದೋ ಅವನಿಗೆ ಅದು ತಿಳಿಯುತ್ತದೆಯೇ, ಮರುಮಾತಿಗೆ ಹೊತ್ತು ಉಳಿಯುತ್ತದೆಯೇ ಎಂಬ ಎರಡೇ ಪ್ರಶ್ನೆಗಳು ಸಾಕು. ಪರಕೀಯ ಸರಕಾರದ ಹರಾಜಿನ ಚೀಟಿಯೂ ಈ ಪರೀಕ್ಷೆಯಲ್ಲಿ ಕಾನೂನಿನ ಮಟ್ಟಿಗಾದರೂ ಉತ್ತೀರ್ಣವಾಗುತ್ತದೆ.

1956ರ ನವೆಂಬರ್ 1ರಿಂದ ನಾವು ಇನ್ನೊಂದು ರಾಜ್ಯದಲ್ಲಿದ್ದೇವೆ. ಅಹವಾಲನ್ನು ನಮ್ಮ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಆದರೆ ನೋಟೀಸನ್ನೇ ಓದಲಾರದವನು ಯಾವುದರ ಬಗ್ಗೆ ಅಹವಾಲು ಬರೆದಾನು? ಕವಿಗೋಷ್ಠಿಗಳಿಂದ ಭಾಷೆಗೆ ಗೌರವ ಬರುತ್ತದೆ, ನಿಜ. ಅದರ ಆಯುಷ್ಯ ಮಾತ್ರ ಪಂಚಾಯತು ಕಚೇರಿಯ ಫಲಕದಲ್ಲಿ, ಪಡಿತರದಂಗಡಿಯ ಗೋಡೆಯಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ ನಿರ್ಧಾರವಾಗುತ್ತದೆ. ನಮ್ಮ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಕಂದಾಯದ ಚೀಟಿ, ಏಲಂ ಪ್ರಕಟಣೆ, ಅಂಗಡಿ ಲೆಕ್ಕಗಳು ಇನ್ನೂ ಗೆದ್ದಲಿಗೆ ಕಾದು ಕುಳಿತಿವೆ. ಸಂಘವು ಅವನ್ನು ಸಂಗ್ರಹಿಸಿ, ಓದಿಸಿ, ಅಚ್ಚು ಹಾಕಿಸಬೇಕು. ಈ ಮಣ್ಣಿನ ವ್ಯವಹಾರ ಯಾವ ಭಾಷೆಯಲ್ಲಿ ನಡೆದಿತ್ತು ಎಂಬುದಕ್ಕೆ ಅವೇ ಸಾಕ್ಷಿ.