ಬೆಳ್ಳಿತೆರೆಯ ಮೇಲೆ ಪ್ರಭುದೇವರು

ಶರಣರ ಚರಿತೆಯನ್ನಾಧರಿಸಿದ ಚಲನಚಿತ್ರಗಳನ್ನು ವಿಮರ್ಶಿಸುವಾಗ ಭಕ್ತಿಯ ಪ್ರಶಂಸೆಯೊಂದೇ ಸಾಲದು. ಇತಿಹಾಸದ ದೋಷಗಳನ್ನು ಎಣಿಸುವುದೂ ಸಾಲದು. ವಚನವು ತೆರೆಯ ಮೇಲೆ ಏನಾಗುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ಟಿ. ಎಸ್. ನಾಗಾಭರಣರ ನಿರ್ದೇಶನದಲ್ಲಿ 2017ರಲ್ಲಿ ತೆರೆಕಂಡ ‘ಅಲ್ಲಮ’ ಈ ಪ್ರಶ್ನೆಯನ್ನು ಹಿಂದಿನ ಚಿತ್ರಗಳಿಗಿಂತ ತೀವ್ರವಾಗಿ ಎತ್ತುತ್ತದೆ.

1959ರಲ್ಲಿ ಟಿ. ವಿ. ಸಿಂಗ್ ಠಾಕೂರರು ನಿರ್ದೇಶಿಸಿದ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಬಸವಣ್ಣನವರಾದವರು ಹೊನ್ನಪ್ಪ ಭಾಗವತರು; ಬಿಜ್ಜಳನಾದವರು ರಾಜಕುಮಾರ್. 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ಮನೆಮನೆಯ ಭಕ್ತಿಗೆ ಪಾತ್ರರಾಗಿದ್ದ ನಟನಿಗೆ ಬಿಜ್ಜಳನ ಕಿರೀಟವನ್ನಿಟ್ಟದ್ದು ಜಾಣ್ಮೆಯ ಆಯ್ಕೆ. ಎದುರಾಳಿಗೆ ತೂಕವಿಲ್ಲದಿದ್ದರೆ ಕಲ್ಯಾಣದ ಕಥೆಗೆ ಬಲವೆಲ್ಲಿಂದ ಬರಬೇಕು? ಭಾಗವತರಾದರೋ ರಂಗಭೂಮಿಯಿಂದ ಬಂದ ಗಾಯಕನಟರು. ಆ ಪರಂಪರೆಯಲ್ಲಿ ವಚನವು ಹಾಡಾಗುವುದು ಸಹಜ. ಬಸವಣ್ಣನವರ ವಚನ ಅದಕ್ಕೆ ಒಗ್ಗುತ್ತದೆ. ಅದರ ನಿವೇದನೆ, ಮೊರೆ, ಆತ್ಮನಿರೀಕ್ಷಣೆಗಳು ರಾಗವನ್ನು ಬೇಡುವಂಥವು. ಕೆ. ಎಸ್. ಎಲ್. ಸ್ವಾಮಿಯವರ ‘ಕ್ರಾಂತಿಯೋಗಿ ಬಸವಣ್ಣ’ (1983) ತನ್ನ ಒತ್ತನ್ನು ಹೆಸರಿನಲ್ಲೇ ಹೇಳಿಕೊಳ್ಳುತ್ತದೆ.

ಪ್ರಭುದೇವರ ವಚನದ ಜಾತಿಯೇ ಬೇರೆ. ಬೆಡಗಿನಲ್ಲಿ ಒಂದು ಚಿತ್ರವಿರುತ್ತದೆ; ಆದರೆ ಅದು ಕಣ್ಣಿಗೆ ಕಾಣತಕ್ಕ ಚಿತ್ರವಲ್ಲ, ಕಾಣಲು ಹೊರಟ ಬುದ್ಧಿಯನ್ನು ತಡೆದು ನಿಲ್ಲಿಸುವ ಚಿತ್ರ. ಛಾಯಾಗ್ರಾಹಕನು ಅದನ್ನು ಹಾಗೆಯೇ ತೆರೆಯ ಮೇಲೆ ತಂದರೆ ಬೆಡಗು ಕಣ್ಕಟ್ಟಾಗುತ್ತದೆ. ತಾರದೆ ನಟನ ಬಾಯಲ್ಲಿ ಹೇಳಿಸಿದರೆ ಮಾತಾಗಿ ಮುಗಿಯುತ್ತದೆ. ಅಂಕಿತದ ತೊಡಕೂ ಇದೆ. ಓದುವಾಗ ‘ಗುಹೇಶ್ವರ’ ಎಂಬುದು ಒಳಗಿನ ಸಾಕ್ಷಿ. ಸಂಭಾಷಣೆಯ ಕೊನೆಗೆ ಅದನ್ನು ನಟನು ಉಚ್ಚರಿಸಿದಾಗ, ಎದುರಿಗಿರುವವರನ್ನು ಬಿಟ್ಟು ಇನ್ನಾರನ್ನೋ ಕರೆದಂತೆ ತೋರುತ್ತದೆ. ಹಾಡಿನಲ್ಲಾದರೆ ಪಲ್ಲವಿಯ ತುದಿಯಾಗಿಬಿಡುತ್ತದೆ.

ಈ ತೊಡಕಿಗೆ ನಾಗಾಭರಣರ ಚಿತ್ರ ಕಂಡುಕೊಂಡ ಒಂದು ದಾರಿ ಮೆಚ್ಚತಕ್ಕದ್ದು. ಅದು ಮದ್ದಳೆಗಾರನನ್ನು ಕಥೆಯ ನಡುವೆ ನಿಲ್ಲಿಸುತ್ತದೆ. ಹರಿಹರನ ಪ್ರಭುದೇವರ ರಗಳೆಯಲ್ಲಿ ಅಲ್ಲಮನು ಕಮಲತೆಗೆ ಒಲಿದು, ಅವಳನ್ನು ಕಳೆದುಕೊಂಡು, ಅಳಲಿನಲ್ಲಿ ಅಲೆದು ಅನಿಮಿಷಯ್ಯನನ್ನು ಕಾಣುವ ಮನುಷ್ಯ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಅವನು ಮಾಯೆಗೆ ಎಂದೂ ಸಿಲುಕದ ನಿರ್ಲಿಪ್ತ. ಇಷ್ಟು ದೂರ ನಿಂತ ಈ ಇಬ್ಬರು ಕವಿಗಳೂ ಮದ್ದಳೆಯನ್ನು ಬಿಟ್ಟುಕೊಟ್ಟಿಲ್ಲ. ನುಡಿ ಸೋಲುವ ಕಡೆ ನಾದ ನಿಲ್ಲಬಲ್ಲದು. ಬಾಪು ಪದ್ಮನಾಭರ ಹಿನ್ನೆಲೆ ಸಂಗೀತಕ್ಕೆ ದೊರೆತ ರಾಷ್ಟ್ರಪ್ರಶಸ್ತಿ ಸಲ್ಲಬೇಕಾದ ಕಡೆಗೇ ಸಂದಿದೆ. ಪ್ರಸಾಧನಕ್ಕೂ ಅದೇ ಗೌರವ ಸಂದಿತು. ಧನಂಜಯರ ಮುಖದಲ್ಲಿ ಹುಡುಕಾಟವಿದೆ. ಆದರೆ ಹುಡುಕುವವನಿಂದ ಅರಿತವನಿಗೆ ದಾಟುವ ಗಳಿಗೆಯನ್ನು ಯಾವ ನಟನಾದರೂ ಅಭಿನಯಿಸಬಲ್ಲನೇ ಎಂಬ ಸಂಶಯ ಉಳಿದೇ ಇರುತ್ತದೆ.

ಪುರಾಣಗಳು ಬಸವಣ್ಣನವರನ್ನು ನಂದಿಯ ಅವತಾರವೆಂದವು. ಬಸವನಗುಡಿಗೆ ಹೆಸರು ಕೊಟ್ಟ ಬಸವನೂ ದೊಡ್ಡ ಗುಡಿಯ ನಂದಿಯೇ, ಕಲ್ಯಾಣದ ಮಂತ್ರಿಯಲ್ಲ. ಎರಡನ್ನೂ ಒಂದೆಂದು ತಿಳಿಯುವವರು ಇಂದಿಗೂ ಇದ್ದಾರೆ. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಮೆಟ್ಟಿಲೇರುವ ವಿದ್ಯಾರ್ಥಿಯು ಚಿತ್ರದ ಅಲ್ಲಮನನ್ನೇ ವಚನದ ಅಲ್ಲಮನೆಂದು ಹಿಡಿದರೆ ಆಗುವ ಗೊಂದಲ ಇದಕ್ಕಿಂತ ದೊಡ್ಡದು. ಬಿಡಿ ಬಿಡಿಯಾದ ವಚನಗಳಿಗೆ ಸಂದರ್ಭ ಕಲ್ಪಿಸಿ, ಒಬ್ಬರ ಮಾತಿಗೆ ಇನ್ನೊಬ್ಬರ ಮಾತನ್ನು ಎದುರಿಟ್ಟು ಸಂವಾದವಾಗಿಸುವ ಕೆಲಸವನ್ನು ಶಿವಗಣಪ್ರಸಾದಿ ಮಹಾದೇವಯ್ಯನವರು 15ನೆಯ ಶತಮಾನದಲ್ಲೇ ಶೂನ್ಯಸಂಪಾದನೆಯಲ್ಲಿ ಮಾಡಿದ್ದಾರೆ. ಅಲ್ಲಿ ವಚನವು ಅಲಂಕಾರಕ್ಕೆ ಬರುವುದಿಲ್ಲ. ಎದುರಿನವರನ್ನು ಪರೀಕ್ಷಿಸಲು ಬರುತ್ತದೆ. ಪ್ರತಿಮಾತಿಗೂ ಯಾರೋ ಒಬ್ಬರು ಅಲುಗುತ್ತಾರೆ. ಚಿತ್ರಕಥೆ ಬರೆಯುವವರು ಮೊದಲು ಓದಬೇಕಾದ ಗ್ರಂಥ ಅದೇ. ತೋಟಿಗ ಗೊಗ್ಗಯ್ಯನ ಪ್ರಸಂಗವನ್ನೇ ನೋಡಬಹುದು: ಒಂದು ತೋಟ, ಒಂದು ಗುದ್ದಲಿ, ನೆಲ ಅಗೆಯುವವನೊಬ್ಬ, ಅಗೆಯುವುದೆಂದರೇನೆಂದು ಅವನನ್ನು ಕೇಳುವವನೊಬ್ಬ. ಅದಕ್ಕೆ ಅರಮನೆಯೂ ಬೇಡ, ಸೇನೆಯೂ ಬೇಡ, ಹಾಡೂ ಬೇಡ.