ಸಾಲದ ಲೆಕ್ಕದಾಚೆಗಿನ ಡಿ ಸೋಟೋ

ಪೆರುವಿನ ಅರ್ಥಶಾಸ್ತ್ರಜ್ಞ ಹೆರ್ನಾಂಡೊ ಡಿ ಸೋಟೋ ಅವರನ್ನು ಮೆಚ್ಚುವವರೂ ಜರೆಯುವವರೂ ಕೇಳುವ ಪ್ರಶ್ನೆ ಒಂದೇ: ಮನೆ, ನಿವೇಶನದ ಹಕ್ಕುಪತ್ರ ಸಿಕ್ಕ ಬಡವರಿಗೆ ಬ್ಯಾಂಕು ಸಾಲ ಕೊಟ್ಟಿತೆ? ಕೊಡುತ್ತದೆಂದು ನಂಬಿದವರು ಅವರನ್ನು ಹೊತ್ತು ಮೆರೆಸಿದರು. ಕೊಡಲಿಲ್ಲವೆಂದು ಕಂಡವರು ಅವರ ವಾದವನ್ನೇ ಮೂಲೆಗೆ ಹಾಕಿದರು. ನನ್ನ ತಕರಾರು ಇಬ್ಬರೊಂದಿಗೂ ಇದೆ.

ಸೋತದ್ದನ್ನು ಮೊದಲು ಒಪ್ಪಿಬಿಡೋಣ. 2000ದಲ್ಲಿ ಬಂದ ಡಿ ಸೋಟೋ ಅವರ ‘ದಿ ಮಿಸ್ಟರಿ ಆಫ್ ಕ್ಯಾಪಿಟಲ್’ ಕೃತಿ, ಬಡವರ ಕೈಯಲ್ಲಿ 9.3 ಲಕ್ಷ ಕೋಟಿ ಡಾಲರ್‌ನಷ್ಟು ‘ಸತ್ತ ಬಂಡವಾಳ’ (ಹಕ್ಕುಪತ್ರವಿಲ್ಲದ್ದರಿಂದ ಅಡವಿಟ್ಟು ಸಾಲ ಪಡೆಯಲಾಗದ ಆಸ್ತಿ) ಇದೆಯೆಂದಿತು. ಕೆಲವೇ ನಗರಗಳ ಸಮೀಕ್ಷೆಯನ್ನು ಜಗತ್ತಿಗೆಲ್ಲ ಹಿಗ್ಗಿಸಿದ ಅಂದಾಜು ಅದು. 1996ರಿಂದ 2003ರವರೆಗೆ ಪೆರು ಸರ್ಕಾರ 12 ಲಕ್ಷಕ್ಕೂ ಹೆಚ್ಚು ನಗರ ಕುಟುಂಬಗಳಿಗೆ ಹಕ್ಕುಪತ್ರ ಹಂಚಿತು. ಆದರೆ ಖಾಸಗಿ ಬ್ಯಾಂಕುಗಳು ಸಾಲ ಮಂಜೂರು ಮಾಡುವುದರಲ್ಲಿ ಅದರಿಂದ ಹೆಚ್ಚು ಉದಾರವಾಗಲಿಲ್ಲವೆಂದು ಅರ್ಥಶಾಸ್ತ್ರಜ್ಞರಾದ ಎರಿಕಾ ಫೀಲ್ಡ್ ಮತ್ತು ಮ್ಯಾಕ್ಸಿಮೊ ಟೊರೆರೊ ತೋರಿಸಿದರು. ಇದರಲ್ಲಿ ಅಚ್ಚರಿಯೇನೂ ಇಲ್ಲ. ಬ್ಯಾಂಕು ನೋಡುವುದು ತಿಂಗಳ ವರಮಾನವನ್ನು. ಒಂದು ಕೋಣೆಯ ಮನೆಯನ್ನು ಜಪ್ತಿ ಮಾಡಿ ಹರಾಜು ಹಾಕುವ ರಗಳೆ ಅದಕ್ಕೆ ಬೇಡ. ಇರುವ ಒಂದು ಸೂರನ್ನು ಅಡವಿಡಲು ಬಡವರಿಗೂ ಧೈರ್ಯ ಸಾಲದು.

ಆದರೆ ಫೀಲ್ಡ್ ಅವರೇ ಕಂಡ ಇನ್ನೊಂದು ಸಂಗತಿಯನ್ನು ಟೀಕಾಕಾರರು ಬದಿಗೆ ಸರಿಸುತ್ತಾರೆ. ಹಕ್ಕುಪತ್ರ ಬರುವ ಮೊದಲು ಮನೆಯಲ್ಲಿ ಯಾರಾದರೊಬ್ಬರು ಕಾವಲಿಗೆ ಇರಲೇಬೇಕಿತ್ತು. ಬಂದ ಮೇಲೆ ಅವರು ಹೊರಗೆ ದುಡಿಯಲು ಹೋದರು. ಬ್ಯೂನಸ್ ಐರಿಸ್ ಹೊರವಲಯದ ಸೊಲಾನೊದಲ್ಲಿ 1981ರಲ್ಲಿ ಜಾಗ ಹಿಡಿದು ಕೂತ ಕುಟುಂಬಗಳನ್ನು ಅರ್ಥಶಾಸ್ತ್ರಜ್ಞರಾದ ಗಾಲಿಯಾನಿ ಮತ್ತು ಶಾರ್ಗ್ರಾಡ್ಸ್ಕಿ ಅಧ್ಯಯನ ಮಾಡಿದರು. ಅಲ್ಲಿಯೂ ಸಾಲ ಹೆಚ್ಚಿದ್ದು ಅತ್ಯಲ್ಪ. ಹಕ್ಕುಪತ್ರ ಸಿಕ್ಕವರ ಗೋಡೆಗಳು ಗಟ್ಟಿಯಾದವು, ಮಕ್ಕಳು ಹೆಚ್ಚು ಓದಿದರು. ಒಕ್ಕಲೆಬ್ಬಿಸುವ ಭಯ ಹೋದದ್ದೇ ಇಲ್ಲಿನ ನಿಜವಾದ ಲಾಭ. ಇದಕ್ಕೆ ಬ್ಯಾಂಕಿನ ಮಧ್ಯಸ್ಥಿಕೆಯೇ ಬೇಕಿರಲಿಲ್ಲ.

ಭಯ ಹೋಗಲು ಕಾಗದವೇ ಬೇಕೆ ಎಂಬ ಮರುಪ್ರಶ್ನೆ ನ್ಯಾಯವಾದದ್ದು. ಕೊಲಂಬಿಯಾದ ಬೊಗೋಟಾದಲ್ಲಿ ಹಕ್ಕುಪತ್ರವಿಲ್ಲದವರೂ ಮನೆ ಕಟ್ಟಿದರು, ಮಾರಿದರು ಎಂದು ಸಂಶೋಧಕ ಅಲನ್ ಗಿಲ್ಬರ್ಟ್ ವಾದಿಸಿದ್ದಾರೆ. ಒಪ್ಪುತ್ತೇನೆ. ನೀರು, ಕರೆಂಟು ಕೊಟ್ಟು ಸರ್ಕಾರ ಸುಮ್ಮನಿದ್ದರೆ ಅದೂ ಒಂದು ಭರವಸೆಯೇ. ಆದರೆ ಸುಮ್ಮನಿದ್ದ ಸರ್ಕಾರ ನಾಳೆ ಬುಲ್ಡೋಜರ್ ತರಬಹುದು. ಆಗ ಕೋರ್ಟಿಗೆ ಹಿಡಿದು ಹೋಗಲು ಒಂದು ಕಾಗದ ಬೇಕು.

ಡಿ ಸೋಟೋ ಅವರ ಕೃತಿಗಳಲ್ಲಿ ನಾನು ಮತ್ತೆ ಮತ್ತೆ ಓದುವುದು 1986ರ ‘ಎಲ್ ಓತ್ರೊ ಸೆಂಡೆರೊ’ವನ್ನು (ಇನ್ನೊಂದು ದಾರಿ). ಲಿಮಾದಲ್ಲಿ ಒಂದು ಸಣ್ಣ ಹೊಲಿಗೆ ಘಟಕವನ್ನು ಕಾನೂನುಬದ್ಧವಾಗಿ ತೆರೆಯಲು ಅವರ ತಂಡಕ್ಕೆ 289 ದಿನ ಹಿಡಿದದ್ದನ್ನು ಎಲ್ಲರೂ ಉದ್ಧರಿಸುತ್ತಾರೆ. ಆ ಪುಸ್ತಕದ ಜೀವ ಇರುವುದು ಬೇರೆ ಪುಟಗಳಲ್ಲಿ, ಸರ್ಕಾರಿ ಜಮೀನಿಗೆ ನುಗ್ಗುವ ಕುಟುಂಬಗಳ ವಿವರಣೆಯಲ್ಲಿ. ಅವರು ಮೊದಲೇ ಗುಟ್ಟಾಗಿ ಸಭೆ ಸೇರುತ್ತಾರೆ, ತಮ್ಮತಮ್ಮಲ್ಲೇ ಕರಾರು ಮಾಡಿಕೊಳ್ಳುತ್ತಾರೆ. ರಾತ್ರೋರಾತ್ರಿ ಚಾಪೆ, ಕಂಬ ಹೊತ್ತು ಬರುತ್ತಾರೆ, ರಾಷ್ಟ್ರಧ್ವಜ ನೆಡುತ್ತಾರೆ, ಸುಣ್ಣದಲ್ಲಿ ಗೆರೆ ಎಳೆದು ನಿವೇಶನ ಹಂಚುತ್ತಾರೆ. ತಂಟೆ ತೀರಿಸುವುದೂ, ಯಾರ ಜಾಗ ಯಾವುದೆಂದು ದಾಖಲಿಡುವುದೂ ಅವರ ಸಂಘವೇ. ಇಲ್ಲಿ ಕಾನೂನು ಹುಟ್ಟುತ್ತಿದೆ, ಅದನ್ನು ಕಲಿಯಬೇಕಾದದ್ದು ಸರ್ಕಾರ ಎಂಬುದು ಡಿ ಸೋಟೋ ಅವರ ಅಸಲು ಮಾತು. ಅವರನ್ನು ಬರೀ ಮಾರುಕಟ್ಟೆಯ ವಕ್ತಾರರೆಂದು ತಳ್ಳಿಹಾಕುವವರು ಈ ಪುಟಗಳನ್ನು ಓದಿಲ್ಲ ಎಂದೇ ನನಗೆ ಅನಿಸುತ್ತದೆ.

ಆ ಮಾತಿನಿಂದ ಮೊದಲು ದೂರ ಸರಿದವರು ಸ್ವತಃ ಅವರೇ ಎಂಬುದು ನನ್ನ ಅತಿ ದೊಡ್ಡ ದೂರು. 2000ದ ಕೃತಿಯಲ್ಲೂ ಜನರ ಕರಾರಿನ ಮಾತಿದೆ, ಆದರೆ ಅದು ಅಲ್ಲಿ ಬಂಡವಾಳ ಹುಟ್ಟಿಸುವ ಕಚ್ಚಾವಸ್ತು. ಪೆರು ಹಂಚಿದ ಹಕ್ಕುಪತ್ರಗಳಲ್ಲಿ ಮನೆಯ ಮಾಲೀಕರ ಹೆಸರಿದೆ. ಗೆರೆ ಎಳೆದು, ತಂಟೆ ತೀರಿಸಿ, ಪಟ್ಟಿ ಕಾದಿಟ್ಟ ಸಂಘಕ್ಕೆ ಅವುಗಳಲ್ಲಿ ಯಾವ ಅಧಿಕಾರವೂ ಉಳಿದಿಲ್ಲ. ಅದೇ ಮನೆಯ ಹಿಂಬದಿ ಕೋಣೆಯಲ್ಲಿರುವ ಬಾಡಿಗೆದಾರರ ಉಲ್ಲೇಖವಂತೂ ಮೊದಲೇ ಇಲ್ಲ.