ನಿಂತ ಧಾರಾವಾಹಿಗೆ ಬೇರೆ ಮನೆ ಏಕಿಲ್ಲ?

2020ರ ಲಾಕ್‌ಡೌನ್ ದಿನಗಳಲ್ಲಿ ಟಿ.ಎನ್. ಸೀತಾರಾಮ್ ಅವರ ‘ಮಗಳು ಜಾನಕಿ’ ಕಥೆ ಮುಗಿಯುವ ಮೊದಲೇ ನಿಂತುಹೋಯಿತು. 2018ರಿಂದ ಕಲರ್ಸ್ ಸೂಪರ್‌ನಲ್ಲಿ ಬರುತ್ತಿದ್ದ ಧಾರಾವಾಹಿ ಅದು. ಟೇಕಲ್‌ನಲ್ಲಿ ನಮ್ಮ ಪಕ್ಕದ ಮನೆಯ ಖಾಲಾ ಅದನ್ನು ಒಂದು ದಿನವೂ ತಪ್ಪಿಸಿದವರಲ್ಲ. “ಈ ಚಾನೆಲ್‌ನವರಿಗೆ ಬೇಡವಾದರೆ ಇನ್ನೊಬ್ಬರು ತಗೊಳ್ಳಬಾರದಾ ಬೇಟಾ? ಹುಡುಗಿಯ ಕಥೆ ಏನಾಯ್ತು ಅಂತ ನಮಗೆ ಗೊತ್ತಾಗೋದು ಬೇಡವಾ?” ಎಂದು ದಖನಿಯಲ್ಲಿ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಒಬ್ಬ ಅಂಗಡಿಯವನು ಬೇಡವೆಂದ ಸರಕನ್ನು ಪಕ್ಕದ ಅಂಗಡಿಯವನು ಕೊಳ್ಳುವುದು ಮಾಲೂರಿನ ಸಂತೆಯಲ್ಲಿ ದಿನನಿತ್ಯದ ಮಾತು. ಟಿವಿಯ ಸಂತೆಯಲ್ಲಿ ಮಾತ್ರ ಹಾಗೆ ನಡೆಯುವುದು ಅಪರೂಪ. ಏಕೆ?

ಈ ಪ್ರಶ್ನೆಯನ್ನು ಅತ್ಯಂತ ಗಟ್ಟಿಯಾಗಿ, ಅತ್ಯಂತ ದೀರ್ಘ ಕಾಲ ಕೇಳಿದವರು ಅಮೆರಿಕದ ವಿಜ್ಞಾನ ಕಥೆಗಳ ಅಭಿಮಾನಿಗಳು. ನಮ್ಮ ದೂರದರ್ಶನದಲ್ಲೂ 80ರ ದಶಕದಲ್ಲಿ ಬಂದಿದ್ದ ‘ಸ್ಟಾರ್ ಟ್ರೆಕ್’ ಹಲವರಿಗೆ ನೆನಪಿರಬಹುದು. ಅದನ್ನು ಎನ್‌ಬಿಸಿ ಜಾಲವು 1969ರಲ್ಲಿ, ಮೂರು ಋತುಗಳ ನಂತರ ಕೈಬಿಟ್ಟಿತು. ಅದಕ್ಕೆ ಹಿಂದಿನ ವರ್ಷ ವೀಕ್ಷಕರು ರಾಶಿ ರಾಶಿ ಪತ್ರ ಬರೆದು ಅದನ್ನು ಒಮ್ಮೆ ಉಳಿಸಿಕೊಂಡಿದ್ದರು. ಎರಡನೆಯ ಸಲ ಆಗಲಿಲ್ಲ. ಬೇರೆ ಯಾವ ದೊಡ್ಡ ಜಾಲವೂ ಅದನ್ನು ಮುಂದುವರಿಸಲಿಲ್ಲ. ಸ್ಥಳೀಯ ಕೇಂದ್ರಗಳ ಮರುಪ್ರಸಾರದಲ್ಲೇ ಅದು ನಿಜವಾದ ಜನಪ್ರಿಯತೆ ಗಳಿಸಿತು. ಟಿವಿಗೆ ಹೊಸ ತಲೆಮಾರಿನ ಪಾತ್ರಗಳೊಂದಿಗೆ ಮರಳಿ ಬರಲು 1987ರವರೆಗೆ ಕಾಯಬೇಕಾಯಿತು. ‘ಫೈರ್‌ಫ್ಲೈ’ ಎಂಬ ಇನ್ನೊಂದು ಸರಣಿಯ ಪಾಡು ಇನ್ನೂ ಕೆಟ್ಟದ್ದು. 2002ರಲ್ಲಿ 14 ಕಂತು ತಯಾರಾಗಿತ್ತು, ಫಾಕ್ಸ್ ಜಾಲ 11 ಮಾತ್ರ ತೋರಿಸಿ ಬಾಗಿಲು ಹಾಕಿತು. ತಯಾರಿಸಿದ ಸ್ಟುಡಿಯೋ ಅದೇ ಫಾಕ್ಸ್ ಮನೆತನದ್ದು. 2005ರಲ್ಲಿ ಒಂದು ಸಿನಿಮಾ ಬಂತು, ಟಿವಿ ಸರಣಿ ಮಾತ್ರ ಮತ್ತೆ ಏಳಲಿಲ್ಲ.

ಹಾಗಾದರೆ ಮನೆ ಬದಲಿಸಿ ಬದುಕಿದವು ಇಲ್ಲವೇ? ಇವೆ. ‘ಸ್ಟಾರ್‌ಗೇಟ್’ ಐದು ಋತು ಷೋಟೈಮ್‌ನಲ್ಲಿದ್ದು 2002ರಲ್ಲಿ ಸೈ-ಫೈ ವಾಹಿನಿಗೆ ಹೋಗಿ ಇನ್ನೂ ಐದು ಋತು ನಡೆಯಿತು. ‘ದಿ ಎಕ್ಸ್‌ಪಾನ್ಸ್’ 2018ರಲ್ಲಿ ಸೈಫೈ ವಾಹಿನಿಯಿಂದ ಹೊರಬಿದ್ದು ಅಮೆಜಾನ್‌ನಲ್ಲಿ 2022ರವರೆಗೆ ಬಾಳಿತು. ಅಭಿಮಾನಿಗಳು ಇದನ್ನು ತಮ್ಮ ಹೋರಾಟದ ಜಯ ಎನ್ನುತ್ತಾರೆ. ಹೋರಾಟದ ಪಾಲು ಇಲ್ಲವೆನ್ನಲಾರೆ. ಆದರೆ ಕಾಗದಪತ್ರ ನೋಡಿದರೆ ಬೇರೆ ಸಂಗತಿ ಕಾಣುತ್ತದೆ. ಸ್ಟಾರ್‌ಗೇಟ್ ಎಂಜಿಎಂ ಸ್ಟುಡಿಯೋದ ಸ್ವತ್ತು, ಎಕ್ಸ್‌ಪಾನ್ಸ್ ಆಲ್ಕನ್ ಎಂಬ ನಿರ್ಮಾಣ ಸಂಸ್ಥೆಯದು. ಎರಡರಲ್ಲೂ ವಾಹಿನಿ ಬಾಡಿಗೆದಾರ ಮಾತ್ರ. ಬಾಡಿಗೆದಾರ ಖಾಲಿ ಮಾಡಿದರೆ ಮನೆ ಇನ್ನೊಬ್ಬರಿಗೆ ಸಿಗುತ್ತದೆ. ಮನೆ ಮಾಲೀಕನೇ ಬೀಗ ಜಡಿದರೆ ಅಭಿಮಾನಿಗಳ ಪತ್ರ ಬೀಗ ತೆರೆಯುವುದಿಲ್ಲ.

ಮಾಲೀಕ ಒಪ್ಪಿದರೂ ಕೊಳ್ಳುವವನ ಲೆಕ್ಕಾಚಾರ ಸುಲಭವಲ್ಲ. ಹಳೆಯ ಕಂತುಗಳು ಹಳೆಯ ವಾಹಿನಿಯಲ್ಲೇ ಉಳಿದಿದ್ದರೆ ಹೊಸಬ ನಡುವಿನಿಂದ ಕಥೆ ಹೇಳಬೇಕು. ತಾನು ತೋರಿಸುವ ಪ್ರತಿ ಹೊಸ ಕಂತೂ ಎದುರಾಳಿಯ ಹಳೆಯ ಕಂತಿಗೆ ಜಾಹೀರಾತು. ನಟರ ಕರಾರು ಮುಗಿದಿರುತ್ತದೆ, ಸೆಟ್ ಕಳಚಿರುತ್ತಾರೆ. ಕೌಟುಂಬಿಕ ಧಾರಾವಾಹಿಯ ಸೆಟ್ ಎಂದರೆ ಒಂದು ಹಜಾರ, ಒಂದು ಅಡುಗೆಮನೆ, ಒಂದು ದೇವರಮನೆ. ಬೆಂಗಳೂರಿನ ಯಾವುದಾದರೂ ಬಾಡಿಗೆ ಬಂಗಲೆಯಲ್ಲಿ ಮತ್ತೆ ಹೊಂದಿಸಬಹುದು. ಅಂತರಿಕ್ಷ ನೌಕೆಯ ಒಳಭಾಗವನ್ನು ಯಾರ ಮನೆಯಲ್ಲಿ ಬಾಡಿಗೆಗೆ ಪಡೆಯುವುದು? ವಿಜ್ಞಾನ ಕಥೆಗೆ ಖರ್ಚು ಹೆಚ್ಚು, ನೋಡುಗರು ಕಡಿಮೆ, ಇರುವವರು ಮಾತ್ರ ಬಲು ನಿಷ್ಠಾವಂತರು. ವಾರ ವಾರದ ರೇಟಿಂಗ್ ಎಣಿಸುವುದು ತಲೆಗಳನ್ನು, ನಿಷ್ಠೆಯನ್ನಲ್ಲ.

ನಮ್ಮ ಗಡಿ ಸೀಮೆಯಲ್ಲಿ ಇನ್ನೊಂದು ತೊಡಕಿದೆ. ಟೇಕಲ್, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಒಂದೇ ಮನೆಯಲ್ಲಿ ಎರಡು ಮೂರು ಭಾಷೆ ನಡೆಯುತ್ತದೆ. ಕನ್ನಡದ್ದು ಹಿಡಿಸದಿದ್ದರೆ ರಿಮೋಟು ತೆಲುಗಿಗೆ ಹೋಗುತ್ತದೆ, ಅಲ್ಲಿಂದ ತಮಿಳಿಗೆ. 2019ರ ಫೆಬ್ರವರಿಯಿಂದ ಟ್ರಾಯ್ ತಂದ ವ್ಯವಸ್ಥೆಯಲ್ಲಿ ಒಂದೊಂದು ಪಾವತಿ ವಾಹಿನಿಗೂ ಒಂದೊಂದು ಬೆಲೆ. ಧಾರಾವಾಹಿ ಮನೆ ಬದಲಿಸಿದರೆ ಖಾಲಾ ಕೇಬಲ್‌ನವನಿಗೆ ಹೇಳಿ ಪ್ಯಾಕೇಜ್ ಬದಲಿಸಬೇಕು. ಬದಲಿಸುತ್ತಾರೆಂದು ಯಾವ ವಾಹಿನಿಯವನೂ ಪಣ ಕಟ್ಟಲಾರ.

ಇಷ್ಟೆಲ್ಲ ಕಷ್ಟಗಳಿದ್ದೂ ಕನ್ನಡದಲ್ಲಿ ಸಲೀಸಾಗಿ ಮನೆ ಬದಲಿಸಿದ ಕಾರ್ಯಕ್ರಮಗಳಿವೆ. ಅವು ಯಾವುವು ನೋಡಿ. ‘ಬಿಗ್ ಬಾಸ್’ 2013ರಲ್ಲಿ ಈಟಿವಿ ಕನ್ನಡದಲ್ಲಿ ಶುರುವಾಗಿ, 2014ರಲ್ಲಿ ಸುವರ್ಣಕ್ಕೆ ಹೋಗಿ, 2015ರಲ್ಲಿ ಕಲರ್ಸ್ ಕನ್ನಡವೆಂದು ಹೆಸರು ಬದಲಿಸಿಕೊಂಡಿದ್ದ ಹಳೆಯ ಮನೆಗೇ ವಾಪಸು ಬಂತು. ‘ಕನ್ನಡದ ಕೋಟ್ಯಧಿಪತಿ’ 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರೊಂದಿಗೆ ಸುವರ್ಣದಲ್ಲಿ ಹುಟ್ಟಿತು. 2018ರಲ್ಲಿ ರಮೇಶ್ ಅರವಿಂದ್ ನಡೆಸಿದರು. 2019ರಲ್ಲಿ ಪುನೀತ್ ಅವರೊಂದಿಗೇ ಕಲರ್ಸ್ ಕನ್ನಡಕ್ಕೆ ಹೋಯಿತು. ಈ ಎರಡರ ಮೂಲ ಹಕ್ಕು ಕನ್ನಡದ ಯಾವ ವಾಹಿನಿಯ ಬಳಿಯೂ ಇಲ್ಲ. ಒಂದು ನೆದರ್‌ಲ್ಯಾಂಡ್ಸ್‌ನ ಎಂಡೆಮಾಲ್ ರೂಪಿಸಿದ ಆಟ, ಇನ್ನೊಂದು ಬ್ರಿಟನ್‌ನಲ್ಲಿ ಹುಟ್ಟಿ ಸೋನಿಯ ಕೈಸೇರಿದ ಆಟ. ವಿದೇಶದ ಆಟಕ್ಕೆ ಕನ್ನಡದಲ್ಲಿ ಮನೆಯಿಂದ ಮನೆಗೆ ಹೋಗುವ ಸ್ವಾತಂತ್ರ್ಯವಿದೆ. ಕನ್ನಡದವರೇ ಬರೆದ ಕಥೆಗೆ ಇಲ್ಲ. ಇದು ರೇಟಿಂಗಿನ ಮಾತಲ್ಲ, ಸಹಿಯ ಮಾತು.

ಹಾಸ್ಯ ಧಾರಾವಾಹಿ ‘ಪಾಪ ಪಾಂಡು’ 2018ರಲ್ಲಿ ಮರಳಿದ್ದು ಕಲರ್ಸ್ ಸೂಪರ್‌ನಲ್ಲಿ. ಅದು ಮೊದಲು ಬಂದಿದ್ದ ಈಟಿವಿ ಕನ್ನಡದ ಉತ್ತರಾಧಿಕಾರಿ ಮನೆತನದ ತಂಗಿ ವಾಹಿನಿ. ಹಜಾರದಿಂದ ಪಡಸಾಲೆಗೆ ಬಂದಂತೆ. ನಿಜವಾಗಿ ಹೊಸ್ತಿಲು ದಾಟಿದ್ದು ಸೀತಾರಾಮ್ ಅವರದೇ ‘ಮಾಯಾಮೃಗ’. ಆಗ ನಮ್ಮ ಕೋಲಾರ ಜಿಲ್ಲೆಗೇ ಸೇರಿದ್ದ ಗೌರಿಬಿದನೂರಿನಲ್ಲಿ ಬಾಳಿ ಬಂದವರು ಅವರು. ಪಿ. ಶೇಷಾದ್ರಿ, ನಾಗೇಂದ್ರ ಶಾ ಜೊತೆ ಸೇರಿ 1998ರಲ್ಲಿ ದೂರದರ್ಶನಕ್ಕೆ ಮಾಡಿದ ಆ ಧಾರಾವಾಹಿ, 2022ರಲ್ಲಿ ‘ಮತ್ತೆ ಮಾಯಾಮೃಗ’ವಾಗಿ ಸಿರಿಕನ್ನಡ ವಾಹಿನಿಯಲ್ಲಿ ಮುಂದುವರಿಯಿತು. 24 ವರ್ಷದ ಅಂತರ. ಅಷ್ಟು ಹಳೆಯದು ದಾಟಿತು, ಮೊನ್ನೆಯ ಜಾನಕಿ ದಾಟಲಿಲ್ಲ ಎಂಬುದು ಯೋಚಿಸಬೇಕಾದ ವಿಷಯ.

ದೂರದರ್ಶನದ ಬಗ್ಗೆ ನಮ್ಮ ತಲೆಮಾರಿನವರಿಗೆ ಬಹಳ ದೂರುಗಳಿದ್ದವು. ಅಧಿಕಾರಿಗಳ ದರ್ಬಾರು, ಮಂಜೂರಾತಿಗಾಗಿ ಅಲೆದಾಟ, ಎಲ್ಲವೂ ನಿಜ. ಆದರೆ ಅದರ ಪ್ರಾಯೋಜಿತ ಪದ್ಧತಿಯಲ್ಲಿ ನಿರ್ಮಾಪಕ ಪ್ರಸಾರ ಶುಲ್ಕ ಕಟ್ಟುತ್ತಿದ್ದ, ಜಾಹೀರಾತಿನ ಸಮಯ ತಾನೇ ಮಾರಿಕೊಳ್ಳುತ್ತಿದ್ದ, ಧಾರಾವಾಹಿ ಅವನ ಆಸ್ತಿಯಾಗಿ ಉಳಿಯುತ್ತಿತ್ತು. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ 80ರ ದಶಕದಲ್ಲಿ ದೂರದರ್ಶನದಲ್ಲಿ ಬಂದು, 2020ರಲ್ಲಿ ಕನ್ನಡಕ್ಕೆ ಡಬ್ ಆಗಿ ಖಾಸಗಿ ವಾಹಿನಿಯಲ್ಲಿ ಕಾಣಿಸಿಕೊಂಡಿತು. ‘ಶಕ್ತಿಮಾನ್’ 1997ರಿಂದ 2005ರವರೆಗೆ ನಡೆಯಿತು. ಶುಲ್ಕ ಏರಿಸುತ್ತಾ ಹೋದದ್ದರಿಂದ ನಿಲ್ಲಿಸಬೇಕಾಯಿತು ಎಂದು ಮುಕೇಶ್ ಖನ್ನಾ ಆಮೇಲೆ ಹೇಳಿದ್ದಾರೆ. ಹಕ್ಕು ಅವರ ಬಳಿಯೇ ಇದ್ದುದರಿಂದ ಶಕ್ತಿಮಾನ್ ಮುಂದೆ ಮಕ್ಕಳ ಖಾಸಗಿ ವಾಹಿನಿಯೊಂದರಲ್ಲಿ ಆನಿಮೇಷನ್ ಆಗಿ ಬಂದ. ‘ಸ್ಪೇಸ್ ಸಿಟಿ ಸಿಗ್ಮಾ’, 1998ರ ‘ಕ್ಯಾಪ್ಟನ್ ವ್ಯೋಮ್’ ಮುಂತಾದ ಅಂತರಿಕ್ಷ ಸಾಹಸಗಳನ್ನು ನಾವು ಹುಡುಗರು ಆ್ಯಂಟೆನಾ ತಿರುಗಿಸಿ ತಿರುಗಿಸಿ ನೋಡಿದ್ದೂ ಅದೇ ದೂರದರ್ಶನದಲ್ಲಿ. ರಟ್ಟಿನ ನೌಕೆಗಳಂತೆ ಕಾಣುತ್ತಿದ್ದವು, ಇರಲಿ.

ಖಾಸಗಿ ವಾಹಿನಿಗಳು ಬಂದ ಮೇಲೆ ವ್ಯವಹಾರ ತಿರುವುಮುರುವಾಯಿತು. ವಾಹಿನಿಯೇ ಕಂತಿಗೆ ಇಷ್ಟು ಎಂದು ದುಡ್ಡು ಕೊಡುತ್ತದೆ, ನಿರ್ಮಾಪಕ ಮಾಡಿಕೊಡುತ್ತಾನೆ, ಕಥೆ ವಾಹಿನಿಯ ತಿಜೋರಿ ಸೇರುತ್ತದೆ. ನಿರ್ಮಾಪಕನಿಗೆ ನಷ್ಟದ ಭಯ ಕಡಿಮೆಯಾಯಿತು, ಒಪ್ಪುತ್ತೇನೆ. ಅದಕ್ಕೆ ತೆತ್ತ ಬೆಲೆ ಎಷ್ಟೆಂದು ಧಾರಾವಾಹಿ ನಿಂತ ದಿನ ತಿಳಿಯುತ್ತದೆ.

ಉರ್ದು ಓದಿದವರಿಗೆ ಇದು ಹೊಸ ಕಿಸ್ಸಾ ಅಲ್ಲ. ಲಖ್ನೋದ ನವಲ್ ಕಿಶೋರ್ ಪ್ರೆಸ್ 1883ರಿಂದ ಪ್ರಕಟಿಸಿದ ‘ತಿಲಿಸ್ಮ್-ಎ-ಹೋಶ್‌ರುಬಾ’ ನಮ್ಮ ಅದ್ಭುತ ಕಥೆಗಳ ತಾಯಿ. ಮಾಯಾನಗರಿ, ಹಾರುವ ವಾಹನ, ಐಯಾರರ ತಂತ್ರಗಳು; ಇಂದಿನ ಯಾವ ಸರಣಿಯಲ್ಲೂ ಅಷ್ಟು ಸಾಮಗ್ರಿ ಇಲ್ಲ. ಮೊದಲ ನಾಲ್ಕು ಸಂಪುಟ ಬರೆದ ಮುಹಮ್ಮದ್ ಹುಸೇನ್ ಜಾಹ್ ಪ್ರೆಸ್ ಬಿಟ್ಟು ಹೊರನಡೆದರು. ಉಳಿದ ಸಂಪುಟಗಳನ್ನು ಅಹ್ಮದ್ ಹುಸೇನ್ ಖಮರ್ ಅದೇ ಪ್ರೆಸ್ಸಿಗೆ ಬರೆದುಕೊಟ್ಟರು. ದಾಸ್ತಾನ್ ಪ್ರೆಸ್ಸಿನಲ್ಲೇ ಉಳಿಯಿತು, ದಾಸ್ತಾನ್‌ಗೋ ಬದಲಾದ. ಇದರ ಎದುರಿಗೆ ಇಬ್ನೆ ಸಫೀ ಅವರನ್ನು ಇಟ್ಟು ನೋಡಿ. 1952ರಲ್ಲಿ ಅಲಹಾಬಾದ್‌ನಲ್ಲಿ ‘ಜಾಸೂಸಿ ದುನಿಯಾ’ ಆರಂಭಿಸಿ ಅದೇ ವರ್ಷ ಕರಾಚಿಗೆ ಹೋದರು. ಫರೀದಿ, ಹಮೀದ್ ಇಬ್ಬರೂ ಅವರ ಜೊತೆಯೇ ಹೋದರು, ಅಲಹಾಬಾದ್‌ನಲ್ಲೂ ಉಳಿದರು. ಎರಡು ದೇಶಗಳಲ್ಲಿ ಎರಡು ಪ್ರಕಾಶನಗಳಿಂದ ಪುಸ್ತಕ ಬರುತ್ತಿತ್ತು. ಪಾತ್ರಗಳು ಬರೆದವನವೇ ಆಗಿದ್ದುದರಿಂದ ದೇಶದ ಗಡಿಯೂ ಅವನ್ನು ತಡೆಯಲಿಲ್ಲ. ಇಂದು ಒಂದು ಪಾತ್ರ ಬೆಂಗಳೂರಿನ ಒಂದು ರಸ್ತೆಯ ವಾಹಿನಿಯಿಂದ ಇನ್ನೊಂದು ರಸ್ತೆಯ ವಾಹಿನಿಗೆ ಹೋಗಲಾರದು.

ನನ್ನ ಸಣ್ಣಕಥೆಯೊಂದನ್ನು ಧಾರಾವಾಹಿಗೆ ಕೇಳಿ ನಿರ್ಮಾಣ ಸಂಸ್ಥೆಯೊಂದು ಕೆಲವು ವರ್ಷಗಳ ಹಿಂದೆ ಕರಾರಿನ ಕರಡು ಕಳಿಸಿತ್ತು. ಇಂದು ಇರುವ, ಮುಂದೆ ಬರಲಿರುವ ಎಲ್ಲ ಮಾಧ್ಯಮಗಳಿಗೆ, ಇಡೀ ಜಗತ್ತಿಗೆ, ಶಾಶ್ವತವಾಗಿ ಎಂದು ಅದರಲ್ಲಿತ್ತು. ಹತ್ತು ಪುಟದ ಕಥೆಗೆ ಇಷ್ಟು ದೊಡ್ಡ ಸಾಮ್ರಾಜ್ಯವೇ ಎಂದು ನಗು ಬಂತು. ಪ್ರಸಾರ ನಿಂತು ಎರಡು ವರ್ಷವಾದರೆ ಕಥೆ ನನಗೆ ವಾಪಸು ಬರಬೇಕು ಎಂಬ ಒಂದೇ ಸಾಲು ಸೇರಿಸಲು ಕೇಳಿದೆ. ಆಮೇಲೆ ಫೋನ್ ಬರಲಿಲ್ಲ.

ಕಾನೂನು ಅಷ್ಟು ನಿರ್ದಯವಾಗಿಲ್ಲ. ಹಕ್ಕುಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಕರಾರಿನಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷಕ್ಕೆ ಮಾತ್ರ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪಡೆದವನು ಒಂದು ವರ್ಷ ಬಳಸದಿದ್ದರೆ ಹಕ್ಕು ಮರಳಿ ಬರುತ್ತದೆ. 2012ರ ತಿದ್ದುಪಡಿ ಬರಹಗಾರನ ರಾಯಧನದ ಪಾಲನ್ನೂ ಗಟ್ಟಿಮಾಡಿದೆ. ತೊಂದರೆ ಏನೆಂದರೆ, ಅವಧಿ, ಪ್ರದೇಶ, ಬಳಕೆಯ ಈ ರಕ್ಷಣೆಗಳು ಕರಾರು ಮೌನವಾಗಿದ್ದಾಗ ಮಾತ್ರ ಸಿಗುತ್ತವೆ, ಮತ್ತು ವಾಹಿನಿಯ ಕರಾರು ಎಂದೂ ಮೌನವಾಗಿರುವುದಿಲ್ಲ. ಸಾರಾ ಅಬೂಬಕ್ಕರ್ ತಮ್ಮ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಕೇಳದೆಯೇ ‘ಬ್ಯಾರಿ’ ಸಿನಿಮಾ ಮಾಡಲಾಗಿದೆ ಎಂದು ಮಂಗಳೂರಿನ ನ್ಯಾಯಾಲಯಕ್ಕೆ ಹೋಗಿ ತಮ್ಮ ಪರ ತೀರ್ಪು ಪಡೆದರು. ಹಾಗೆ ಹೋರಾಡಲು ಅವರ ಬಳಿ ಹಕ್ಕು ಉಳಿದಿತ್ತು. ಸಹಿ ಹಾಕಿ ಕೊಟ್ಟ ಧಾರಾವಾಹಿ ಲೇಖಕನಿಗೆ ಆ ಬಾಗಿಲೂ ಇಲ್ಲ.

ಇನ್ನು ಡಬ್ಬಿಂಗ್. ಅದರ ತಡೆಯನ್ನು ಸ್ಪರ್ಧಾ ಆಯೋಗ 2015ರಲ್ಲಿ ತಪ್ಪೆಂದಿತು. 2020ರಲ್ಲಿ ಚಿತ್ರೀಕರಣ ನಿಂತಾಗ ಹಿಂದಿಯ ‘ಮಹಾಭಾರತ’, ‘ರಾಧಾಕೃಷ್ಣ’ ಕನ್ನಡದಲ್ಲಿ ಬಂದವು. ಅಂಬೇಡ್ಕರ್ ಅವರ ಬದುಕಿನ ‘ಮಹಾನಾಯಕ’ ಬಂದಾಗ ಹಳ್ಳಿಗಳಲ್ಲಿ ಬ್ಯಾನರ್ ಕಟ್ಟಿದರು. ಅದನ್ನು ನಿಲ್ಲಿಸುವಂತೆ ವಾಹಿನಿಯ ಮುಖ್ಯಸ್ಥರಿಗೆ ಬೆದರಿಕೆಯೂ ಬಂತು. ಅಂಥದ್ದು ಡಬ್ಬಿಂಗ್‌ನಿಂದ ಬಂದರೆ ನನಗೆ ಸಂತೋಷವೇ. ಆದರೆ ಸಿದ್ಧ ಸರಕು ಅಗ್ಗಕ್ಕೆ ಸಿಗುವಾಗ, ಇನ್ನೊಬ್ಬರು ಅರ್ಧಕ್ಕೆ ಬಿಟ್ಟ ಕನ್ನಡದ ಕಥೆಯನ್ನು ಸಾಕಲು ಯಾವ ವಾಹಿನಿ ಮುಂದೆ ಬಂದೀತು?

ವಿಜ್ಞಾನ ಕಥೆ ಕನ್ನಡದ ಖಾಸಗಿ ವಾಹಿನಿಗಳಲ್ಲಿ ಬೇರೂರದಿರುವುದಕ್ಕೂ ಇದು ಒಂದು ಕಾರಣವೆಂದು ನನ್ನ ಅನಿಸಿಕೆ. ಓದುವ ಕನ್ನಡದಲ್ಲಿ ಅದಕ್ಕೆ ಕೊರತೆಯಿಲ್ಲ. ರಾಜಶೇಖರ ಭೂಸನೂರಮಠರಂಥವರು ದಶಕಗಳ ಕಾಲ ಬರೆದರು. ನೋಡುಗರು ಅದ್ಭುತವನ್ನು ಒಪ್ಪುವುದಿಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ. ‘ನಾಗಿಣಿ’ಯನ್ನು ಒಪ್ಪಿದವರು ರೋಬೋವನ್ನು ಒಪ್ಪುವುದಿಲ್ಲವೇ? ನಾಗಿಣಿಗೆ ಮುನ್ನೂರು ಕಂತು ಎಳೆದರೂ ಅಡ್ಡಿಯಿಲ್ಲ, ಎಲ್ಲಿ ನಿಲ್ಲಿಸಿದರೂ ನಡೆದೀತು. ವಿಜ್ಞಾನ ಕಥೆಗೆ ಒಂದು ತರ್ಕ, ಒಂದು ಕೊನೆ ಬೇಕು. ಆ ಕೊನೆಯವರೆಗೆ ಬಿಡುತ್ತಾರೆಂಬ ಭರವಸೆ ಇಲ್ಲದೆ, ಬಿಡದಿದ್ದರೆ ಬೇರೆಡೆ ಮುಗಿಸಬಹುದೆಂಬ ದಾರಿಯೂ ಇಲ್ಲದೆ ಯಾವ ಲೇಖಕ ಅದಕ್ಕೆ ಕೈಹಾಕುತ್ತಾನೆ? 2024ರಲ್ಲಿ ‘ಬ್ಲಿಂಕ್’ ಎಂಬ ಕಾಲಯಾನದ ಕನ್ನಡ ಚಿತ್ರ ಬಂತು. ಆಕಾಶನೌಕೆ, ದೊಡ್ಡ ತಾರೆಗಳ ಹಂಗಿಲ್ಲದೆ, ಗಮನವಿಟ್ಟು ನೋಡಬೇಕಾದ ಕಥೆ ಹೇಳಿತು, ಜನ ನೋಡಿದರು. ಅದು ಎರಡೂ ಚಿಲ್ಲರೆ ಗಂಟೆಯಲ್ಲಿ ಮುಗಿಯುತ್ತದೆ. ಅದೇ ಕಥೆ ಸಂಜೆಯ ಧಾರಾವಾಹಿಯಾಗಿದ್ದರೆ ನಾಲ್ಕನೆಯ ವಾರದ ರೇಟಿಂಗ್ ನೋಡಿ, ಕಾಲಯಾನಿಯನ್ನು ಯಾವುದೋ ವರ್ಷದ ನಡುವೆಯೇ ಬಿಟ್ಟುಬಿಡುತ್ತಿದ್ದರು.